ಮೂರು ತಿಂಗಳು ತಡವಾದ ಮುಖ

ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆಂದು ದೊಡ್ಡ ಊರಿಗೆ ಹೋದ ಮೊದಲ ದಿನ, ಹಾಸ್ಟೆಲ್ಲಿನ ಕನ್ನಡಿಯಲ್ಲಿ ನನಗೆ ನನ್ನ ಅವತ್ತಿನ ಮುಖವೇ ಕಂಡಿತು. ನಾನು ಹುಬ್ಬೇರಿಸಿದರೆ ಅದೂ ಏರಿಸಿತು. ನಾಚಿಕೆಯಾಗಿ ಅದಕ್ಕೊಂದು ಟವೆಲ್ ಹೊದಿಸಿಬಿಟ್ಟೆ. ನಮ್ಮೂರಿನ ಕನ್ನಡಿಗಳಿಗೆ ಇಂಥ ಅವಸರ ಇಲ್ಲ. ಅವು ಮೂರು ತಿಂಗಳು ತಡ. ಇವತ್ತು ಬೆಳಿಗ್ಗೆ ಎಂಟಕ್ಕೆ ನೋಡಿಕೊಂಡರೆ, ಮೂರು ತಿಂಗಳ ಹಿಂದೆ ಇದೇ ತಾರೀಖು ಬೆಳಿಗ್ಗೆ ಎಂಟಕ್ಕೆ ನೀವು ಹೇಗಿದ್ದಿರೋ ಹಾಗೆ ಕಾಣುತ್ತೀರಿ. ಮೊಬೈಲು, ಫೋಟೋ, ಬಾವಿಯ ನೀರು, ತೊಳೆದಿಟ್ಟ ಸ್ಟೀಲ್ ತಟ್ಟೆ ಎಲ್ಲವೂ ಅಷ್ಟೇ. ಒಮ್ಮೆ ಮೊಬೈಲ್ ಕಂಪನಿಯವನೊಬ್ಬ ಬಂದು ಮೂರು ಫೋನ್ ಬದಲಿಸಿ ಸೆಲ್ಫಿ ತೆಗೆದುಕೊಂಡು, ಮೂರರಲ್ಲೂ ತಾನು ಈಗಾಗಲೇ ಬೋಳಿಸಿದ್ದ ಗಡ್ಡವನ್ನೇ ಕಂಡು, ಒಂದು ಚಹಾ ಕುಡಿದು ಬಸ್ಸು ಹತ್ತಿದ.

ಹೀಗಾಗಿ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಬ್ಬರು ಮುಖದವರು ಇರುತ್ತಾರೆ. ಬೆಳಿಗ್ಗೆ ಮನೆ ಬಿಡುವ ಮೊದಲು ಅವರೆದುರು ನಿಂತು 'ಹೆಂಗದೀನಿ?' ಎಂದು ಕೇಳಬೇಕು. ಅವರು ನೋಡಿ ಹೇಳಬೇಕು: ಕುಂಕುಮ ಸೊಟ್ಟಗಿದೆ, ಮೀಸೆಗೆ ಅವಲಕ್ಕಿ ಅಂಟಿದೆ, ನಿದ್ದೆ ಸಾಲದಾಗಿದೆ. ಇದಕ್ಕಿರುವುದು ಒಂದೇ ಕಟ್ಟಳೆ. ಕೇಳಿದ ಮೇಲೆ ಕಂಡದ್ದನ್ನು ಹೇಳಲೇಬೇಕು. ಸುಳ್ಳು ಹೇಳುವಂತಿಲ್ಲ, ಬೇರೆ ಕಡೆ ನೋಡುವಂತಿಲ್ಲ. ಮದುವೆಯಾದ ಮೇಲೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಮುಖದವರು. ಎಷ್ಟೋ ಮನೆಗಳ ಜಗಳ ಬೆಳಗಿನ ಆ ಒಂದು ನಿಮಿಷದಲ್ಲೇ ಮುಗಿದುಹೋಗುತ್ತದೆ, ಯಾಕೆಂದರೆ ಮಾತು ಬಿಟ್ಟವರೂ ಅದೊಂದನ್ನು ಕೇಳದೆ ಪೇಟೆಗೆ ಹೋಗಲಾರರು.

ಹಾಗೆಂದು ಕನ್ನಡಿ ಇಟ್ಟುಕೊಳ್ಳುವುದಿಲ್ಲವೆಂದಲ್ಲ. ಒಳ್ಳೆಯದೇನಾದರೂ ನಡೆದ ದಿನ ನಾವು ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಹಾಳೆ ಮಗುಚಿ, ಅದೇ ತಾರೀಖಿಗೆ ಸುತ್ತು ಹಾಕಿ ಗಂಟೆ ಬರೆದಿಡುತ್ತೇವೆ. ತಾಳಿ ಕಟ್ಟಿಸಿಕೊಂಡಾಗಿನ ತನ್ನ ಮುಖವನ್ನು ಮದುಮಗಳು ಮೂರು ತಿಂಗಳ ಮೇಲೆ ನೋಡುತ್ತಾಳೆ. ಅವತ್ತು ಬೀಗರೂ ಬಂದು ಕನ್ನಡಿಯ ಮುಂದೆ ಸೇರುತ್ತಾರೆ, ಇನ್ನೊಂದು ಸಲ ಹೋಳಿಗೆ ಆಗುತ್ತದೆ. ಕೆಟ್ಟ ದಿನಗಳಿಗೆ ಯಾರೂ ಸುತ್ತು ಹಾಕುವುದಿಲ್ಲ. ಆ ತಾರೀಖು ಬಂದಾಗ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು ಸುಮ್ಮನಾಗುತ್ತಾರೆ.

ನನ್ನ ಹೆಸರು ಅಂಬುಜಾಕ್ಷಿ. ಊರಿಗೆಲ್ಲ ಅಂಬಕ್ಕ. ನನ್ನ ಗಂಡ ತೀರಿಕೊಂಡು ಹನ್ನೊಂದು ವರ್ಷ. ಮುಖ ಹೇಳುವುದರಲ್ಲಿ ಮಹಾ ಜಿಪುಣ. 'ಪರವಾಗಿಲ್ಲ' ಎನ್ನುವುದೇ ಅವರ ಬಾಯಲ್ಲಿ ದೊಡ್ಡ ಹೊಗಳಿಕೆ. ಅವರು ಹೋದ ಮೇಲೆ ನನ್ನ ಮುಖ ಹೇಳುವ ಕೆಲಸ ಪಕ್ಕದ ಮನೆಯ ಗಂಗವ್ವನಿಗೆ ಬಂತು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಆದರೆ ಕಣ್ಣು ಸೂಜಿ. ನಡುವಿನ ಗೋಡೆಯ ಮೇಲೆ ಗಲ್ಲವಿಟ್ಟು ನನ್ನನ್ನು ನೋಡಿ, 'ಬಲಗಡೆ ಪೌಡರ್ ಹೆಚ್ಚಾಗೇತ್ರಿ, ಎಡಗಡೆ ಸಿಟ್ಟು ಹೆಚ್ಚಾಗೇತಿ' ಎನ್ನುತ್ತಿದ್ದಳು. ಅವಳ ಗಂಡ ಗದಿಗೆಪ್ಪನಿಗೆ ಶಾಮಿಯಾನದ ವ್ಯಾಪಾರ. ಸುತ್ತಲಿನ ಹತ್ತಾರು ಊರುಗಳ ಮದುವೆ, ನಾಮಕರಣಗಳಿಗೆ ಚಪ್ಪರ ಹಾಕುವವನು ಅವನೇ. ದೊಡ್ಡ ದನಿ, ದೊಡ್ಡ ನಗು. ಎಡ ಮುಂಗೈ ಮೇಲೆ ಹೆಂಡತಿಯ ಹೆಸರಿನ ಹಚ್ಚೆ. ಆ ಹಚ್ಚೆಯ ಕಥೆಯನ್ನು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಮದುವೆಯಾದ ವಾರದಲ್ಲಿ ಹಚ್ಚೆ ಹಾಕಿಸಿಕೊಂಡು ಇದೇ ಊರಿನ ಮಾವನ ಮನೆಯ ಕನ್ನಡಿಯ ಮುಂದೆ ತೋಳೆತ್ತಿ ನಿಂತನಂತೆ. ಕನ್ನಡಿಯಲ್ಲಿ ಖಾಲಿ ತೋಳು. ಅತ್ತೆ ಹಣೆ ಬಡಿದುಕೊಂಡಳಂತೆ. ಮೂರು ತಿಂಗಳ ನಂತರ ಹೆಸರು ಕನ್ನಡಿಯಲ್ಲೂ ಮೂಡಿದ ದಿನ ಅತ್ತೆಯ ಕೈಯಿಂದ ತುಪ್ಪದ ಊಟ ಮಾಡಿ ಬಂದನಂತೆ.

ನಮ್ಮ ಆಸ್ಪತ್ರೆಯಲ್ಲಿ ನನ್ನ ಕೋಣೆ ಔಷಧಿ ಕೊಡುವ ಕಿಟಕಿಯ ಹಿಂದೆ. ಒಂದು ಮೇಜು, ಒಂದು ಫ್ರಿಜ್ಜು, ಎರಡು ಸ್ಟೂಲು, ಕೈತೊಳೆಯುವ ಬೇಸಿನ್ನು, ಅದರ ಮೇಲೊಂದು ಸಣ್ಣ ಕನ್ನಡಿ. ರಕ್ತ ತೆಗೆದು ಎಚ್‌ಐವಿ ಇದೆಯೋ ಇಲ್ಲವೋ ನೋಡುವುದು ನನ್ನ ಮುಖ್ಯ ಕೆಲಸ. ಆಪ್ತಸಮಾಲೋಚಕರ ಹುದ್ದೆ ಎರಡು ವರ್ಷದಿಂದ ಖಾಲಿಯಿದ್ದದ್ದರಿಂದ ಕೂರಿಸಿ ತಿಳಿಹೇಳುವುದೂ ನನ್ನದೇ. ಬೇರೆ ಊರಿನವರಿಗೆ ಈ ಪರೀಕ್ಷೆಯಲ್ಲಿ ಒಂದು ವಿಷಯ ಅರ್ಥ ಮಾಡಿಸುವುದು ಬಹಳ ಕಷ್ಟವಂತೆ. ನಾವು ಹುಡುಕುವುದು ವೈರಸ್ಸನ್ನಲ್ಲ, ಅದರ ಮೇಲೆ ದೇಹ ತಯಾರಿಸಿಕೊಳ್ಳುವ ಪ್ರತಿಕಾಯವನ್ನು. ಅದು ತಯಾರಾಗಲು ಕೆಲವು ವಾರ ಬೇಕು, ಕೆಲವರಿಗೆ ಮೂರು ತಿಂಗಳವರೆಗೂ ಬೇಕು. ಆದ್ದರಿಂದ ಇವತ್ತು ಇಲ್ಲ ಎಂದು ಬಂದರೂ ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕು. ನಮ್ಮೂರಿನಲ್ಲಿ ಇದನ್ನು ಹೇಳಲು ನನಗೆ ಅರ್ಧ ನಿಮಿಷವೂ ಬೇಕಾಗಿರಲಿಲ್ಲ. ಬೇಸಿನ್ನಿನ ಕಡೆ ಕೈ ತೋರಿಸಿ, 'ಈ ಪರೀಕ್ಷೆನೂ ಕನ್ನಡಿ ಇದ್ದಂಗ, ಮೂರು ತಿಂಗಳು ಹಿಂದ' ಎನ್ನುತ್ತಿದ್ದೆ. ಎಲ್ಲರೂ ತಲೆಯಾಡಿಸಿ, ತಪ್ಪದೆ ಮತ್ತೆ ಬರುತ್ತಿದ್ದರು. ಜಿಲ್ಲೆಯಿಂದ ತಪಾಸಣೆಗೆ ಬಂದ ಅಧಿಕಾರಿ ನನ್ನ ರಿಜಿಸ್ಟರ್ ನೋಡಿ, ಇಷ್ಟು ಜನ ಹೇಗೆ ಎರಡನೆಯ ಸಲ ಬರುತ್ತಾರೆಂದು ಬೆರಗಾದರು. ನಾನು ಬೀಗಿದೆ. ಬೀಗಿದ್ದು ಜಾಸ್ತಿಯಾಯಿತು.

ಮದುವೆಯ ಹಂಗಾಮು ಮುಗಿದ ಮೇಲೆ ಗದಿಗೆಪ್ಪನ ಅಂಗಿ ಮೈಮೇಲೆ ಜೋತಾಡತೊಡಗಿತು. ಬಿಡದ ಜ್ವರ, ಬಾಯಲ್ಲಿ ಹುಣ್ಣು. ಗಂಗವ್ವ ದಿನಾ ಬೆಳಿಗ್ಗೆ ಅವನಿಗೆ, ಕೆನ್ನೆ ಒಳಗೆ ಹೋಗಿದೆ, ಕಣ್ಣು ಒಳಗೆ ಹೋಗಿದೆ ಎಂದು ಹೇಳಿ ಹೇಳಿ ಆಸ್ಪತ್ರೆಗೆ ಅಟ್ಟಿದಳು. ಡಾಕ್ಟರು ನೋಡಿ ನನ್ನ ಕೋಣೆಗೆ ಕಳಿಸಿದರು. ನಾನು ಕೂರಿಸಿ, ಏನು ಪರೀಕ್ಷೆ, ಯಾಕೆ ಎಂದು ಹೇಳಿ ಒಪ್ಪಿಗೆ ಕೇಳಿದೆ. ಎಂದಿನಂತೆ ಕನ್ನಡಿಯ ಮಾತನ್ನೂ ಹೇಳಿದೆ. ಅವನು ತೋಳು ಚಾಚಿ, ಹಚ್ಚೆಯ ಮೇಲೆ ಚುಚ್ಚಬೇಡಿ, ಗಂಗವ್ವನಿಗೆ ನೋವಾದೀತು ಎಂದು ತಮಾಷೆ ಮಾಡಿದ.

ಮೊದಲನೆಯ ಕಿಟ್ಟು ನೋಡಲು ಥೇಟ್ ಬಾಚಣಿಗೆ. ಅದರ ಹಲ್ಲಿನ ಮೇಲೆ ಒಂದು ಚುಕ್ಕೆ ಮೂಡಿದರೆ ಕಿಟ್ಟು ಸರಿಯಾಗಿದೆ ಎಂದರ್ಥ, ಅದರ ಕೆಳಗೆ ಎರಡನೆಯದೂ ಮೂಡಿದರೆ ಸಂಶಯ. ಎರಡನೆಯದು ಮೂಡಿತು. ಒಂದೇ ಪರೀಕ್ಷೆಯನ್ನು ನಂಬಿ ಯಾರಿಗೂ ಏನೂ ಹೇಳುವಂತಿಲ್ಲ. ಒಮ್ಮೊಮ್ಮೆ ಅದೂ ತಪ್ಪುತ್ತದೆ. ಬೇರೆ ಬಗೆಯ ಇನ್ನೊಂದು ಕಿಟ್ಟಿನಲ್ಲಿ ಹಾಕಿದೆ, ಅದಕ್ಕಿಂತ ಬೇರೆಯಾದ ಮೂರನೆಯದರಲ್ಲೂ ಹಾಕಿದೆ. ಮೂರೂ ಒಂದೇ ಮಾತು ಹೇಳಿದವು. ನನ್ನ ಕೆಲಸದಲ್ಲಿ ಇದು ಮೊದಲ ಸಲವಲ್ಲ, ಆದರೆ ಹೋಳಿಗೆ ಹಂಚಿಕೊಂಡು ತಿನ್ನುವ ಮನೆಯದು ಮೊದಲ ಸಲ. ಹೇಗೆ ಬಂತು, ಎಲ್ಲಿಂದ ಬಂತು ಎಂದು ನಾನು ಕೇಳುವುದಿಲ್ಲ. ಅವನನ್ನು ಕರೆದು, ಬಾಗಿಲು ಹಾಕಿ, ಇದ್ದದ್ದನ್ನು ಇದ್ದಂತೆ ಹೇಳಿದೆ. ಗುಳಿಗೆ ಇದೆ, ದಿನಾ ತಪ್ಪದೆ ನುಂಗಿದರೆ ಎಲ್ಲರ ಹಾಗೆ ಬದುಕಬಹುದು, ಗಂಗವ್ವನನ್ನೂ ಒಮ್ಮೆ ಕರೆತಂದು ಪರೀಕ್ಷೆ ಮಾಡಿಸಬೇಕು ಎಂದೆ.

ಕೇಳುತ್ತ ಕೇಳುತ್ತ ಗದಿಗೆಪ್ಪನ ಮುಖ ಅರಳಿತು. ನನಗೆ ದಿಗಿಲಾಯಿತು, ಯಾಕೆಂದರೆ ಈ ಸುದ್ದಿ ಕೇಳಿ ಅರಳಿದ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಅಕ್ಕಾರ, ಇದು ಮೂರು ತಿಂಗಳ ಹಿಂದಿನ ನಾನಲ್ರಿ? ನೀವ ಹೇಳಿದ್ರಿ, ಕನ್ನಡಿ ಇದ್ದಂಗ ಅಂತ. ಆಗ ಇತ್ತು ಅನ್ರಿ. ಈಗಿಂದು ನೋಡಾಕ ಮೂರು ತಿಂಗಳು ಬಿಟ್ಟು ಬರ್ತೇನಿ."

ನಾನು ಹಾಗಲ್ಲವೆಂದೆ. ಅವನು ನಗುತ್ತಲೇ ಎದ್ದ. ಆಗ ಜ್ವರ ಇತ್ತು, ಈಗ ಎರಡು ದಿನದಿಂದ ಇಲ್ಲ, ಹಳೆಯದಕ್ಕೆ ಈಗ ಗುಳಿಗೆ ನುಂಗಿ ಏನು ಮಾಡಲಿ, ಗಂಗವ್ವನ ತಲೆ ಯಾಕೆ ಕೆಡಿಸಲಿ ಎಂದ. ನನ್ನ ಮಾತನ್ನೇ ನನಗೆ ಹೇಳಿ, ನನಗೇ ಸಮಾಧಾನ ಮಾಡಿ, ಬಾಗಿಲು ತೆಗೆದು ಹೋದ. ಬೇರೆ ಯಾವ ಊರಿನಲ್ಲೂ ಯಾರೂ ಮಾಡದ ತಪ್ಪು ಇದು. ಅದನ್ನು ಮಾಡಲು ಕಲಿಸಿದವಳು ನಾನು. ಕನ್ನಡಿಯ ಹೋಲಿಕೆಯನ್ನು ನೂರಾರು ಜನಕ್ಕೆ ಹೇಳಿದ್ದೆ. ಅದು ಯಾವ ಕಡೆ ಹೊಂದುತ್ತದೆ, ಯಾವ ಕಡೆ ಹೊಂದುವುದಿಲ್ಲ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಒಂದೊಂದು ದಿನವೂ ಎಷ್ಟು ಮುಖ್ಯವೆಂದು ನನಗೆ ಗೊತ್ತಿತ್ತು. ಅವನು ಇಳಿಯುತ್ತಿದ್ದ. ಗಂಗವ್ವನಿಗೆ ಇನ್ನೂ ತಗುಲಿಲ್ಲದಿದ್ದರೆ ಅವಳನ್ನು ಉಳಿಸಿಕೊಳ್ಳಬಹುದಿತ್ತು. ಆದರೆ ಅವಳಿಗೆ ನಾನು ಹೇಳುವಂತಿಲ್ಲ. ನನ್ನ ಕೋಣೆಯ ಮಾತು ಕೋಣೆಯಲ್ಲೇ ಇರಬೇಕು, ಅದು ಕಾನೂನು. ಅದನ್ನು ಮುರಿದರೆ ನಾಳೆಯಿಂದ ಯಾರೂ ತೋಳು ಚಾಚುವುದಿಲ್ಲ. ಇನ್ನು ಗಂಗವ್ವನೋ, ಬೆಳಗಾದರೆ ಗೋಡೆಯ ಮೇಲೆ ಗಲ್ಲವಿಟ್ಟು ನನ್ನ ಮುಖ ಓದುವವಳು. ಏನು ಕಾಣುತ್ತದೋ ಅದನ್ನು ಹೇಳಲೇಬೇಕಾದವಳು.

ಆದ್ದರಿಂದ ನಾನು ಮುಖ ಕೇಳುವುದನ್ನೇ ಬಿಟ್ಟೆ. ಅವಳು ಅಂಗಳ ಗುಡಿಸುವ ಮೊದಲೇ ಹಿತ್ತಲ ಬಾಗಿಲಿನಿಂದ ಆಸ್ಪತ್ರೆಗೆ ಓಡತೊಡಗಿದೆ. ಮೊದಲ ದಿನ ಹಣೆಯ ಬೊಟ್ಟು ಹುಬ್ಬಿನ ಮೇಲೆ ಕೂತಿತ್ತಂತೆ. ಎರಡನೆಯ ದಿನ ಹಲ್ಲುಪುಡಿ ಗಲ್ಲಕ್ಕೆ ಮೆತ್ತಿಕೊಂಡಿತ್ತು. ಅದನ್ನು ಕಂಡ ನರ್ಸಮ್ಮ ಮುಖ ಹೇಳಲು ಬಾಯಿ ತೆರೆದರೆ ನಾನು ಕೇಳಿಲ್ಲವಲ್ಲ ಎಂದು ಗದರಿದೆ. ಮೂರನೆಯ ದಿನ ರವಿಕೆ ತಿರುವುಮುರುವು. ನಾಲ್ಕನೆಯ ದಿನಕ್ಕೆ ಔಷಧಿಯ ಕಿಟಕಿಯ ಮುಂದೆ ಸಾಲು ನಿಂತವರು ನಾನು ಬರುವುದನ್ನೇ ಕಾಯುತ್ತಿದ್ದರು. ರೋಗಿಗಳು ನಕ್ಕರೆ ಒಳ್ಳೆಯದೇ ಎಂದು ಡಾಕ್ಟರು ಸುಮ್ಮನಿದ್ದರು. ಸಂಜೆ ನಾನು ಗದಿಗೆಪ್ಪನನ್ನು ಹುಡುಕಿಕೊಂಡು ಹೋದರೆ ಅವನು ಯಾವುದಾದರೂ ಕಂಬದ ತುದಿಯಲ್ಲಿರುತ್ತಿದ್ದ. ಮೇಲಿನಿಂದಲೇ ಬೆರಳಲ್ಲಿ ಮೂರು ತಿಂಗಳು ಎಂದು ತೋರಿಸಿ ನಗುತ್ತಿದ್ದ. ಕೆಳಗೆ ನಿಂತು ಕೂಗಿ ಹೇಳುವ ವಿಷಯವೂ ಅದಲ್ಲ.

ಎಂಟನೆಯ ದಿನ ಹಿತ್ತಲ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಗಂಗವ್ವ ಕೂತಿದ್ದಳು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಐವತ್ತರ ಹತ್ತಿರದ ಹೆಂಗಸು ಹೊಸ ಸೊಸೆಯ ಹಾಗೆ ನಿಂತದ್ದು ನೋಡಿ ಅವಳಿಗೂ ನಗು ಬಂತು. ಆದರೆ ನಗು ಉಳಿಯಲಿಲ್ಲ.

"ನೀವು ಕೇಳಿಲ್ಲ, ಅದಕ್ಕ ನಾ ಹೇಳಂಗಿಲ್ಲ" ಎಂದಳು. "ಆದ್ರ ಅಂಬಕ್ಕ, ನಿಮ್ಮ ಮುಖದಾಗಿಂದು ನಮ್ಮ ಮನೀದು ಅಂತ ನನಗ ಗೊತ್ತೈತ್ರಿ."

ಆಸ್ಪತ್ರೆಯ ವಿಷಯ ನಾನು ಯಾರಿಗೂ ಹೇಳುವಂತಿಲ್ಲ ಗಂಗವ್ವ, ಹೇಳಬೇಕಾದವರು ಹೇಳಿದರೆ ಕೇಳಿಸಿಕೋ ಎಂದಷ್ಟೇ ಅಂದೆ. ಅವಳು ತಲೆಯಾಡಿಸಿದಳು. ಎದ್ದು ಹೋಗುವಾಗ, ರಾತ್ರಿ ಗಂಡ ಅನ್ನ ಬಿಟ್ಟೇಳುತ್ತಾನೆ, ಹಚ್ಚೆಯಲ್ಲಿ ತನ್ನ ಹೆಸರೇ ಸೊರಗಿ ಸುಕ್ಕಾಗಿ ಕಾಣುತ್ತಿದೆ ಎಂದಳು. ಆ ಮಾತು ಕಿವಿಗೆ ಬಿದ್ದದ್ದೇ, ಗದಿಗೆಪ್ಪನಿಗೆ ತಿಳಿಹೇಳಲು ನಾನು ಎಂಟು ದಿನ ಹುಡುಕುತ್ತಿದ್ದ ಹೋಲಿಕೆ ಸಿಕ್ಕಿತು. ಚಪ್ಪಲಿ ಮೆಟ್ಟಿದವಳೇ ಆಸ್ಪತ್ರೆಯ ದಾರಿ ಬಿಟ್ಟು ಶಾಮಿಯಾನದ ಗೋದಾಮಿನ ಕಡೆ ಹೊರಟೆ.

ಗದಿಗೆಪ್ಪ ಮಡಿಚಿದ ಜಮಖಾನೆಗಳ ರಾಶಿಯ ಮೇಲೆ ಒರಗಿದ್ದ. ಜ್ವರ ಮತ್ತೆ ಬಂದಿತ್ತು. ಹತ್ತಲು ಕಂಬವೂ ಇರಲಿಲ್ಲ, ಓಡಲು ಶಕ್ತಿಯೂ ಇರಲಿಲ್ಲ. ನಾನು ಬಾಗಿಲು ಮುಂದಕ್ಕೆಳೆದು, ತೋಳು ತೋರಿಸು ಎಂದೆ. ಇನ್ನೊಮ್ಮೆ ಚುಚ್ಚುತ್ತೀರಾ ಎಂದ. ಚುಚ್ಚುವುದಿಲ್ಲ, ಹಚ್ಚೆಯ ಕಥೆ ಕೇಳಬೇಕು ಎಂದೆ. ಆ ಕಥೆಗೆ ಅವನಿಗೆ ಯಾವಾಗಲೂ ಉಸಿರು ಇರುತ್ತದೆ. ಅತ್ತೆ ಹಣೆ ಬಡಿದುಕೊಂಡಲ್ಲಿಗೆ ಬಂದಾಗ ನಾನು ತಡೆದೆ.

"ಅವತ್ತ ಕನ್ನಡ್ಯಾಗ ಕಾಣ್ಲಿಲ್ಲ. ಅಂದ್ರ ತೋಳಿನ ಮ್ಯಾಲ ಇರಲಿಲ್ಲೇನು?"

"ಇತ್ತಲ್ರಿ. ಸೂಜಿ ಉರಿ ಇನ್ನೂ ನೆನಪೈತಿ."

"ಮೂರು ತಿಂಗಳಿಗೆ ಕಂಡಿತು. ಕನ್ನಡ್ಯಾಗ ಕಂಡಿದ್ದು ಹಳೇ ತೋಳು ಅಂತ, ಈ ತೋಳಿನ ಮ್ಯಾಲಿಂದು ಹೋತೇನು?"

ಅವನು ಹಚ್ಚೆಯನ್ನು ಹೆಬ್ಬೆರಳಿನಿಂದ ಉಜ್ಜಿದ. ಬಹಳ ಹೊತ್ತು ಉಜ್ಜಿದ.

"ಕನ್ನಡಿ ತಡ, ಖರೆ" ಎಂದೆ. "ಕಾಣ್ಲಿಲ್ಲಂದ್ರ ಇಲ್ಲ ಅನ್ನಾಕ ಬರಂಗಿಲ್ಲ. ಆದ್ರ ಕಂಡಿತು ಅಂದ್ರ ಐತಿ, ಗದಿಗೆಪ್ಪ. ಈಗೂ ಐತಿ. ಅವತ್ತ ನಾ ಇಷ್ಟು ಬಿಡಿಸಿ ಹೇಳಬೇಕಿತ್ತು. ತಪ್ಪು ನಂದು."

ಇಷ್ಟು ದಿನ ನಕ್ಕವನು ಈಗ ಅತ್ತ. ನಾನೂ ಅತ್ತೆ. ಜಮಖಾನೆಯ ಧೂಳಿಗೆ ಇಬ್ಬರೂ ಸೀನಿದೆವು, ಅದರಿಂದ ಸ್ವಲ್ಪ ಹಗುರಾಯಿತು. ಇದೂ ಹಚ್ಚೆಯ ಹಾಗೆ ಸಾಯುವವರೆಗೂ ಹೋಗುವುದಿಲ್ಲವೇ ಎಂದು ಕೇಳಿದ. ಹೋಗುವುದಿಲ್ಲ, ಆದರೆ ಗುಳಿಗೆ ತಪ್ಪಿಸದಿದ್ದರೆ ಅದೂ ಹಚ್ಚೆಯ ಹಾಗೆಯೇ ಒಂದು ಕಡೆ ಸುಮ್ಮನೆ ಕೂತಿರುತ್ತದೆ ಎಂದೆ. ಗಂಗವ್ವನಿಗೆ ಏನು ಹೇಳಲಿ ಎಂದ. ಅವಳು ದಿನಾ ನಿನಗೆ ಕಂಡದ್ದನ್ನು ಹೇಳುತ್ತಿಲ್ಲವೇ, ನೀನೂ ಹಾಗೇ ಹೇಳು ಎಂದೆ.

ಅವತ್ತು ಅವರ ಮನೆಯಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಪಾತ್ರೆಯ ಸದ್ದು ಸ್ವಲ್ಪ ಜೋರಾಗಿ ಕೇಳಿಸಿತು, ಆಮೇಲೆ ಅದೂ ನಿಂತಿತು. ಮರುದಿನ ಇಬ್ಬರೂ ಬಂದರು. ಗಂಗವ್ವ ತಾನೇ ಸೆರಗು ಸರಿಸಿ ತೋಳು ಚಾಚಿದಳು. ಬಾಚಣಿಗೆಯ ಮೇಲೆ ಒಂದೇ ಚುಕ್ಕೆ ಮೂಡಿತು. ಎಷ್ಟು ಹೊತ್ತು ನೋಡಿದರೂ ಒಂದೇ. ಹನ್ನೊಂದು ಇಪ್ಪತ್ತಕ್ಕೆ ಅವಳಿಗೆ ಹೇಳಿದೆ: ಸದ್ಯಕ್ಕೆ ಇಲ್ಲ, ಆದರೆ ಇದು ಕಾಣದಿದ್ದಾಗಿನ ಮಾತು, ಆದ್ದರಿಂದ ಮೂರು ತಿಂಗಳ ಮೇಲೆ ಇನ್ನೊಮ್ಮೆ. ಈ ಸಲ ಎರಡು ಕಡೆಯ ಲೆಕ್ಕವನ್ನೂ ಬಿಡಿಸಿ ಹೇಳಿದೆ. ಗದಿಗೆಪ್ಪ ಪಕ್ಕದ ಸ್ಟೂಲಿನ ಮೇಲೆ ಕತ್ತು ಬಗ್ಗಿಸಿ ಕೂತಿದ್ದ, ತಲೆ ಎತ್ತಲೇ ಇಲ್ಲ. ಗಂಗವ್ವ ಅವನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಹೆಂಗದೀನ್ರಿ?"

ಅವನು ನೋಡಲಿಲ್ಲ. ಹೇಳಲಿಲ್ಲ. ನಮ್ಮೂರಿನಲ್ಲಿ ಗಂಡನಾದವನು ಹೆಂಡತಿಗೆ ಮುಖ ಹೇಳದೆ ಉಳಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವಳೂ ಎರಡನೆಯ ಸಲ ಕೇಳಲಿಲ್ಲ. ಎದ್ದು ನನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಹಾಳೆ ಮಗುಚಿ, ಆ ತಾರೀಖಿಗೆ ಸುತ್ತು ಹಾಕಿ, ಪಕ್ಕದಲ್ಲಿ ಹನ್ನೊಂದು ಇಪ್ಪತ್ತು ಎಂದು ಬರೆದಳು. ಇಂಥ ದಿನಕ್ಕೆ ಯಾರಾದರೂ ಸುತ್ತು ಹಾಕುತ್ತಾರೆಯೇ ಎನಿಸಿತು. ನಾನು ಕೊಟ್ಟ ಕಾಂಡೋಮಿನ ಪೊಟ್ಟಣವನ್ನು ಸಂತೆಯ ಚೀಲದಲ್ಲಿ ಮೆಂತ್ಯಸೊಪ್ಪಿನ ಕೆಳಗಿಟ್ಟುಕೊಂಡು ಹೊರಟಳು.

ಗುಳಿಗೆ ಶುರುವಾಯಿತು. ಮೊದಲ ವಾರ ಅವನಿಗೆ ತಲೆ ಸುತ್ತು, ಕೆಟ್ಟ ಕನಸು. ಕನಸಿನಲ್ಲಿ ಚಪ್ಪರ ತಲೆಕೆಳಗಾಗಿ, ಮದುವೆಯವರೆಲ್ಲ ಅದರೊಳಗೆ ಈಜುತ್ತಿದ್ದರಂತೆ. ಎರಡನೆಯ ತಿಂಗಳಲ್ಲಿ ಹಸಿವು ಮರಳಿತು. ಕನ್ನಡಿಯಲ್ಲಿ ಅವನು ದಿನದಿಂದ ದಿನಕ್ಕೆ ಇಳಿಯುತ್ತಿದ್ದ. ಎದುರಿಗಿದ್ದವರ ಕಣ್ಣಿಗೆ ದಿನದಿಂದ ದಿನಕ್ಕೆ ತುಂಬಿಕೊಳ್ಳುತ್ತಿದ್ದ. ನಮ್ಮೂರಿನವನಾದ್ದರಿಂದ ಅವನು ಕನ್ನಡಿಯನ್ನು ನಂಬಲಿಲ್ಲ, ಗಂಗವ್ವನನ್ನು ನಂಬಿದ. ಅವಳು ದಿನಾ ಅವನ ಮುಖ ಹೇಳುತ್ತಿದ್ದಳು. ಅವನೂ ಅವಳದನ್ನು ಹೇಳುತ್ತಿದ್ದ. ಆದರೆ ಗೋಡೆಯಾಚೆಯಿಂದ ಕೇಳುವ ನನಗೆ ಗೊತ್ತಾಗುತ್ತಿತ್ತು, ಅವನ ದನಿಯಲ್ಲಿ ತಪ್ಪಿತಸ್ಥನ ಅವಸರವಿತ್ತು. ಒಂದು ದಿನ ಗುಳಿಗೆಗೆ ಬಂದಾಗ ತಾನೇ ಬಾಯಿ ಬಿಟ್ಟ. ಆ ದಿನ ಅವಳ ಮುಖದಲ್ಲಿ ಏನಿತ್ತೋ ನೋಡಲು ಧೈರ್ಯ ಬರಲಿಲ್ಲ, ನೋಡಿದ್ದರೆ ಹೇಳಬೇಕಾಗುತ್ತಿತ್ತು, ಈಗ ಆ ತಾರೀಖು ಹತ್ತಿರ ಬರುತ್ತಿದೆ ಎಂದ. ಅವತ್ತು ತನಗೆ ದೂರದ ಊರಿನಲ್ಲಿ ಚಪ್ಪರದ ಕೆಲಸವಿದೆ ಎಂದೂ ಹೇಳಿದ. ಶಾಮಿಯಾನ ಒಂದು ದಿನ ತಡವಾದರೆ ಯಾರ ಮದುವೆಯೂ ನಿಲ್ಲುವುದಿಲ್ಲ ಎಂದೆ.

ಆ ದಿನ ಇಬ್ಬರೂ ಹತ್ತೂವರೆಗೇ ಬಂದರು. ನಾನು ರಕ್ತ ತೆಗೆದೆ. ಬಾಚಣಿಗೆಯ ಹಲ್ಲಿನ ಮೇಲೆ ಮೇಲಿನ ಚುಕ್ಕೆ ಮೂಡಿತು. ಕೆಳಗೆ ಬೆಳ್ಳಗೆ ಖಾಲಿ. ಹೇಳಿದ ಹೊತ್ತು ಮುಗಿಯುವವರೆಗೆ ಕಾದೆ, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದೆ, ಖಾಲಿಯೇ ಇತ್ತು. "ಇಲ್ಲ, ಗಂಗವ್ವ" ಎಂದೆ. ಮೂರು ತಿಂಗಳು ಎಚ್ಚರವಾಗಿದ್ದೀರಿ, ಇದನ್ನು ನಂಬಬಹುದು ಎಂದೆ. ಗದಿಗೆಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಗಂಗವ್ವ ಮಾತ್ರ ಗಡಿಯಾರ ನೋಡುತ್ತಿದ್ದಳು.

ಹನ್ನೊಂದು ಹದಿನೆಂಟಕ್ಕೆ ಅವಳು ಎದ್ದು ಬೇಸಿನ್ನಿನ ಕನ್ನಡಿಯ ಮುಂದೆ ನಿಂತಳು. ಗಂಡನನ್ನು ಕರೆದಳು. ಅವನು ಚಿಕ್ಕ ಹುಡುಗನ ಹಾಗೆ ಹಿಂದೆ ಬಂದು ನಿಂತ. ನಾನು ಕಿಟ್ಟುಗಳನ್ನು ಎತ್ತಿಡುವ ನೆಪದಲ್ಲಿ ಕಣ್ಣು ಅಲ್ಲೇ ಇಟ್ಟೆ. ಕನ್ನಡಿಯಲ್ಲಿ ಮೂರು ತಿಂಗಳ ಹಿಂದಿನ ಗಂಗವ್ವ ಬೆವರಿ ಕೂತಿದ್ದಳು. ಹನ್ನೊಂದು ಇಪ್ಪತ್ತಾಯಿತು. ನಾನು ಆಗ 'ಇಲ್ಲ' ಎಂದಿದ್ದೆನಲ್ಲ, ಆ ಗಳಿಗೆಯಲ್ಲಿ ಯಾರಾದರೂ ಹೇಳಿದವರ ಕಡೆ ನೋಡುತ್ತಾರೆ. ಕನ್ನಡಿಯಲ್ಲಿದ್ದವಳು ನನ್ನ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಎಡಕ್ಕೆ, ಕೆಳಕ್ಕೆ, ಅವನು ಕತ್ತು ಬಗ್ಗಿಸಿ ಕೂತಿದ್ದ ಸ್ಟೂಲಿನ ಕಡೆಗೇ ಇತ್ತು. ಜ್ವರ ಬಂದವರ ಹಣೆ ಮುಟ್ಟಿ ನೋಡುವಾಗ ಇರುತ್ತದಲ್ಲ, ಅಂಥ ಮುಖ. ಕನ್ನಡಿಯಲ್ಲಿ ಅವಳ ತುಟಿಗಳು ಅಲುಗಿದವು. ಏನು ಕೇಳುತ್ತಿದ್ದಾಳೆಂದು ನಮಗೆ ಮೂವರಿಗೂ ಗೊತ್ತಿತ್ತು.

ಇಲ್ಲಿ ನಿಂತಿದ್ದ ಗಂಗವ್ವನೂ ತಿರುಗದೆ ಅದನ್ನೇ ಕೇಳಿದಳು. "ಹೆಂಗದೀನ್ರಿ?"

ಗದಿಗೆಪ್ಪ ಈ ಸಲ ಕನ್ನಡಿಯಲ್ಲಿದ್ದವಳನ್ನು ನೋಡಿದ. ನೋಡುತ್ತಲೇ ಇದ್ದ. ಆ ದೊಡ್ಡ ದನಿ ಎಲ್ಲಿ ಹೋಯಿತೋ, ಬಹಳ ಸಣ್ಣಗೆ ಹೇಳಿದ.

"ಸಿಟ್ಟಿಲ್ಲ. ನನ್ನ ನೋಡಾಕತ್ತಿ." ಹಣೆ ನೋಡಿ, "ಕುಂಕುಮ ಬೆವರಿಗೆ ಇಳದೈತಿ" ಎಂದ.

"ಅವತ್ತ ಹೇಳಬೇಕಿಲ್ಲೇನು ಮಾರಾಯ? ಇಡೀ ಸಂತಿ ಹಂಗ ತಿರುಗೀನಿ" ಎಂದು ಗಂಗವ್ವ ನಕ್ಕು ಅವನ ಕಡೆ ತಿರುಗಿದಳು. ಇವತ್ತಿನ ಹಣೆಯ ಮೇಲೆ ಕುಂಕುಮ ನೆಟ್ಟಗೇ ಇತ್ತು. ಆದರೂ ಅವನು ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಸರಿಮಾಡಿದ.